ಹಟಾನಾಕಾನ ಚೈನಿನ ಸದ್ದು

ನಮ್ಮ ಕಸುಬಿನ ಸೈಕಲ್ಲಿಗೆ ಬ್ರೇಕು ಇಲ್ಲ, ಫ್ರೀವೀಲೂ ಇಲ್ಲ. ಹಿಂದಿನ ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿಗೆ ಪಟ್ಟಿ ಬಿಗಿದುಕೊಂಡ ಕಾಲೂ ತಿರುಗಬೇಕು. ಕಾಲು ನಿಲ್ಲಿಸಿ ಆರಾಮಾಗಿ ಸಾಗುವ ಸುಖವನ್ನು ನಾವು ಪೇಪರು ಹಾಕುವವರಿಗೆ, ತರಕಾರಿ ತರಲು ಹೊರಟ ಅಜ್ಜಿಯರಿಗೆ ಬಿಟ್ಟುಕೊಟ್ಟಿದ್ದೇವೆ. ಹಾಗಾಗಿ ಚೈನಿಗೆ ಏನಾದರೂ ತೊಂದರೆಯಾದರೆ ಅದು ಮೊದಲು ತಿಳಿಯುವುದು ಅಂಗಾಲಿಗೆ, ಆಮೇಲೆ ಕಿವಿಗೆ. ಹಟಾನಾಕಾನ ಅಂಗಾಲಿಗೆ ಅದು ತಿಳಿದದ್ದು ಡಿಸೆಂಬರಿನ ಕೊನೆಯ ವಾರ, ಸಮುದ್ರದ ದಡದ ಊರಾದ ಉರಾಹಾಮಾದ ಸೈಕಲ್ ಓಟದ ಅಂಗಳದಲ್ಲಿ, ಓಟಗಳು ಶುರುವಾಗುವ ಹಿಂದಿನ ಮಧ್ಯಾಹ್ನ. ನನ್ನ ಕಿವಿಗೂ ಅದು ಆಗಲೇ ಬಿತ್ತು.

ಆ ಹೊತ್ತಿಗೆ ನಮ್ಮ ಫೋನುಗಳು ಗೇಟಿನ ಬಳಿಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ನಮ್ಮ ಮೇಲೆ ಜನ ಬಾಜಿ ಕಟ್ಟುತ್ತಾರೆ. ಒಳಗಿನ ಸುದ್ದಿ ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ಓಟ ಮುಗಿಯುವವರೆಗೆ ಮೂರು ದಿನ ಸವಾರರೆಲ್ಲ ಅಂಗಳದ ವಸತಿಯಲ್ಲೇ ಇರಬೇಕು, ಮನೆಗೆ ಒಂದು ಮಾತೂ ಆಡುವಂತಿಲ್ಲ. ನನ್ನ ಮಗಳು ಹುಟ್ಟಿದ ಸುದ್ದಿ ನನಗೆ ಸಿಕ್ಕಿದ್ದು ಅವಳಿಗೆ ಎರಡು ದಿನವಾದ ಮೇಲೆ. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಹಟಾನಾಕಾ ಮತ್ತು ನಾನು ಓಟದ ಶಾಲೆಯಲ್ಲಿ ಒಂದೇ ತಂಡದವರು, ಒಂದೇ ಪ್ರಾಂತ್ಯದವರು. ಇಬ್ಬರಿಗೂ ನಲವತ್ತಾರು. ಅವನು ಮೊಂಡ, ನಾನು ಲೆಕ್ಕಾಚಾರದವನು. ಹೀಗೆಂದು ನಮ್ಮ ಬಗ್ಗೆ ಕಿರಿಯರು ಹೇಳುತ್ತಿದ್ದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಓಟದಲ್ಲಿ ಒಂದೇ ಪ್ರಾಂತ್ಯದವರು ಸಾಲು ಕಟ್ಟುತ್ತಾರೆ. ಮುಂದಿನವನು ಗಾಳಿಗೆ ಎದೆ ಕೊಡುತ್ತಾನೆ, ಹಿಂದಿನವನು ಅವನ ಗಾಲಿಗೆ ಒಂದು ಗೇಣಿನಷ್ಟು ಹತ್ತಿರ ಅಂಟಿಕೊಂಡು ಅವನ ಬೆನ್ನು ಕಾಯುತ್ತಾನೆ. ಬೇರೆಯವರು ಮೇಲೆ ಬಂದರೆ ಹೆಗಲಿನಿಂದ ತಡೆಯುವುದು ಅವನ ಕೆಲಸ. ಕೊನೆಯ ಐವತ್ತು ಮೀಟರಿನಲ್ಲಿ ಶಕ್ತಿಯಿದ್ದರೆ ಮುಂದಿನವನನ್ನು ದಾಟಿ ಹೋಗಬಹುದು, ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಒಂದೇ ಓಟಕ್ಕೆ ಬಿದ್ದಾಗಲೆಲ್ಲ ಮುಂದೆ ಅವನು, ಹಿಂದೆ ನಾನು. ಮುಗಿದ ಮೇಲೆ ಒಂದೇ ರೈಲು, ಎರಡು ಕ್ಯಾನ್ ಬಿಯರು, ಒಂದು ಪೊಟ್ಟಣ ಒಣಗಿದ ಸ್ಕ್ವಿಡ್ ಮೀನು.

ಆ ಸಲ ಇಬ್ಬರೂ ಕೊನೆಯ ದರ್ಜೆಯಲ್ಲಿದ್ದೆವು. ಆರು ತಿಂಗಳಿಗೊಮ್ಮೆ ಅಂಕಗಳ ಲೆಕ್ಕದಲ್ಲಿ ಆ ದರ್ಜೆಯ ತಳದಿಂದ ಮೂವತ್ತು ಹೆಸರು ಹೊಡೆದು ಹಾಕುತ್ತಾರೆ. ಹೋದವನು ಮತ್ತೆ ಬರುವಂತಿಲ್ಲ. ಡಿಸೆಂಬರಿನ ಪಟ್ಟಿಯಲ್ಲಿ ಹಟಾನಾಕಾ ತಳದಿಂದ ಮೂವತ್ತನೆಯವನು, ನಾನು ಮೂವತ್ತೊಂದನೆಯವನು. ಉರಾಹಾಮಾ ನಮ್ಮಿಬ್ಬರ ಪಾಲಿಗೂ ಆ ವರ್ಷದ ಕೊನೆಯ ಓಟ. ಅಂದರೆ ಅವನು ಉಳಿದರೆ ನಾನು ಹೋಗುತ್ತೇನೆ, ನಾನು ಉಳಿದರೆ ಅವನು ಹೋಗುತ್ತಾನೆ. ಇದು ಇಬ್ಬರಿಗೂ ಗೊತ್ತಿತ್ತು. ಬರುವಾಗ ರೈಲಿನಲ್ಲಿ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಇನ್ನು ಸದ್ದು. ಚೀಲದಿಂದ ಬಿಡಿಭಾಗ ತೆಗೆದು ಸೈಕಲ್ಲು ಜೋಡಿಸಿ, ತಪಾಸಣೆಗೆ ಕೊಡುವ ಮೊದಲು ಅವನು ಅದನ್ನು ಸ್ಟ್ಯಾಂಡಿಗೆ ಏರಿಸಿ ಪೆಡಲು ತಿರುಗಿಸಿದ. ಗರ ಗರ ಗರ ಎಂದು ಸಣ್ಣಗೆ ಒಂದು ಸದ್ದು. ಮರಳು ಸಿಕ್ಕಿಕೊಂಡಂತೆ, ಆದರೆ ಬಿಡುವಿಲ್ಲದೆ.

"ಕೇಳಿಸ್ತೇನೋ ಇನುಯಿ?"

"ಏನು?"

"ಚೈನು. ಏನೋ ಗೊಣಗ್ತಿದೆ."

"ಸೈಕಲ್ಲಿಗೂ ನಿನ್ನಷ್ಟೇ ವಯಸ್ಸಾಯ್ತು ಬಿಡು."

ಅವನು ನಕ್ಕ. ಸೈಕಲ್ಲು ನೋಡಲು ಹೊಸದರ ಹಾಗಿತ್ತು. ಫ್ರೇಮಿಗೆ ಹೊಸದಾಗಿ ಕಡುನೀಲಿ ಬಣ್ಣ ಹಚ್ಚಿಸಿದ್ದ. ಆ ಬಣ್ಣ ನೋಡಿದ ಕ್ಷಣವೇ ನನಗೆ ಎಲ್ಲ ನೆನಪಾಯಿತು.

ನವೆಂಬರಿನಲ್ಲಿ ನಾನು ಕುಗಿಮಿಯಾ ಅವರ ಷೆಡ್ಡಿಗೆ ಹೋಗಿದ್ದೆ. ನಮ್ಮ ಪ್ರಾಂತ್ಯದ ಅರ್ಧ ಸವಾರರ ಫ್ರೇಮುಗಳನ್ನು ಮಾಡಿದ್ದು ಆ ಮುದುಕರೇ. ಎಪ್ಪತ್ತೆಂಟು ವಯಸ್ಸು, ಕೈಯಲ್ಲಿ ಎಂಟೇ ಬೆರಳು, ಬಾಯಿ ಮಾತ್ರ ಪೂರ್ತಿ. ಕಬ್ಬಿಣದ ಮೇಜಿಗೆ ಬಿಗಿದಿದ್ದ ಒಂದು ಫ್ರೇಮನ್ನು ತೋರಿಸಿ ಅವರು ಹೇಳಿದ್ದರು:

"ನೋಡಯ್ಯಾ, ಹಟಾನಾಕಾಂದು. ಬಣ್ಣ ಹಚ್ಚಿ ಅಂತ ಬರೀ ಫ್ರೇಮು ಪಾರ್ಸೆಲ್ ಮಾಡಿದಾನೆ. ಹಿಂದಿನ ಕವಲು ಎಡಕ್ಕೆ ಸೊಟ್ಟಗಾಗಿ ಎಷ್ಟು ವರ್ಷ ಆಯ್ತೋ. ಎಲ್ಲೋ ಬಿದ್ದಿದಾನೆ, ಬಾಯಿ ಬಿಟ್ಟಿಲ್ಲ. ನನ್ನ ಫ್ರೇಮು ಸೊಟ್ಟ ಇಟ್ಕೊಂಡು ಊರೆಲ್ಲ ಓಡಾಡಿದಾನೆ, ಮಾನಗೆಟ್ಟೋನು."

"ನೆಟ್ಟಗೆ ಮಾಡಿದ್ರಾ ಯಜಮಾನ್ರೇ?"

"ಮತ್ತೇನು, ಸೊಟ್ಟದಕ್ಕೇ ಬಣ್ಣ ಬಳಿದು ಕೊಡ್ಲಾ? ಕೇಳಿಲ್ಲಿ. ಅವನು ಗಾಲೀಲಿ ಹಲ್ಲುಚಕ್ರದ ಹಿಂದೆ ಏನೋ ವಾಷರು ಗೀಷರು ತುರುಕಿ ಚೈನು ಸರಿ ಮಾಡ್ಕೊಂಡಿರ್ತಾನೆ. ಸಿಕ್ಕಿದಾಗ ಹೇಳ್ಬಿಡು, ತೆಗೆದು ಬಿಸಾಕಲಿ. ನಂಗೆ ಫೋನ್ ಮಾಡೋದು ಅಂದ್ರೆ ಆಗ್ಬರಲ್ಲ."

ಹೇಳುತ್ತೇನೆ ಎಂದಿದ್ದೆ. ಆಮೇಲೆ ಮರೆತೆ. ನಿಜವಾಗಿಯೂ ಮರೆತಿದ್ದೆ. ಅಲ್ಲಿಯವರೆಗೆ ನನ್ನ ಮೇಲೆ ತಪ್ಪು ಹೊರಿಸುವಂತಿಲ್ಲ.

ವಾಷರು ಇದ್ದದ್ದು ನಿಜ. ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ನಡೆದ ಓಟದಲ್ಲಿ ಅವನು ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದ. ಆಮೇಲೆ ಚೈನು ಓರೆ ಹೋಗುತ್ತಿದೆ ಎಂದು ಒಂದೂವರೆ ಮಿಲಿಮೀಟರಿನ ವಾಷರನ್ನು ತಾನೇ ಅರದಿಂದ ಉಜ್ಜಿ ಮಾಡಿಕೊಂಡಿದ್ದ. ಹಿಂದಿನ ಹಲ್ಲುಚಕ್ರ ಅಷ್ಟು ಹೊರಕ್ಕೆ ಬಂದು, ಮುಂದಿನ ದೊಡ್ಡ ಚಕ್ರದ ಸಾಲಿಗೆ ಸರಿಯಾಗಿ ಕೂತಿತ್ತು. ಫ್ರೇಮು ಸೊಟ್ಟಗಾಗಿದೆ ಎಂದು ಕುಗಿಮಿಯಾ ಅವರಿಗೆ ಹೇಳಲು ನಾಚಿಕೆ. ನಾಲ್ಕು ವರ್ಷದಲ್ಲಿ ಆ ವಾಷರು ಸೈಕಲ್ಲಿನದೇ ಒಂದು ಅಂಗ ಎನ್ನುವಷ್ಟು ಅವನಿಗೆ ಮರೆತುಹೋಗಿತ್ತು. ಬಣ್ಣ ಹಚ್ಚಿದ ಫ್ರೇಮು ಅವನ ಕೈಸೇರಿದ್ದು ಉರಾಹಾಮಾಕ್ಕೆ ಹೊರಡುವ ಹಿಂದಿನ ದಿನ. ಮನೆಯಲ್ಲೇ ಇದ್ದ ಗಾಲಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಈಗ ಫ್ರೇಮು ನೆಟ್ಟಗೆ, ವಾಷರು ಅಲ್ಲೇ. ಹಾಗಾಗಿ ಚೈನು ಇನ್ನೊಂದು ಕಡೆಗೆ ಓರೆ.

ಹೇಳಿಬಿಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಪರರ ಸೈಕಲ್ಲಿನ ಬಗ್ಗೆ ಅವರಾಗಿ ಕೇಳದೆ ಬಾಯಿ ಹಾಕಬಾರದು. ಸವಾರ ತನ್ನ ಸೈಕಲ್ಲನ್ನು ತಾನೇ ಜೋಡಿಸುತ್ತಾನೆ, ಬಿದ್ದರೆ ತಾನೇ ಬೀಳುತ್ತಾನೆ. ಈ ಪದ್ಧತಿಯನ್ನು ಇಪ್ಪತ್ತಾರು ವರ್ಷ ನಾನು ಅಷ್ಟೇನೂ ಗಂಭೀರವಾಗಿ ತೆಗೆದುಕೊಂಡವನಲ್ಲ, ಹತ್ತು ಜನರ ಟೈರಿನ ಬಗ್ಗೆ ಪುಕ್ಕಟೆ ಉಪದೇಶ ಕೊಟ್ಟವನು. ಆ ಮಧ್ಯಾಹ್ನ ಮಾತ್ರ ಅದು ಬಹಳ ಘನವಾದ ಪದ್ಧತಿ ಅನ್ನಿಸಿತು. ಕೇಳಲಿ, ಕೇಳಿದರೆ ಹೇಳುತ್ತೇನೆ ಎಂದುಕೊಂಡೆ.

ಅವನು ಕೇಳಲಿಲ್ಲ. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟ. ಸದ್ದು ಹೋಗಲಿಲ್ಲ. ಚೀಲದಲ್ಲಿದ್ದ ಇನ್ನೊಂದು ಚೈನು ಹಾಕಿದ. ಸದ್ದು ಹಾಗೇ ಇತ್ತು. ತಪಾಸಣೆಯವರು ಗಾಲಿ, ನಟ್ಟು, ಹ್ಯಾಂಡಲು ಎಲ್ಲ ಅಲ್ಲಾಡಿಸಿ ನೋಡಿ, ಸಡಿಲವೇನೂ ಇಲ್ಲವೆಂದು ಮುದ್ರೆ ಒತ್ತಿದರು. ಸದ್ದಿಗೆ ಅವರ ಕಾಗದದಲ್ಲಿ ಜಾಗವಿರಲಿಲ್ಲ.

ಮೊದಲ ದಿನ ಅವನು ಐದನೆಯವನಾಗಿ ಬಂದ, ನಾನು ಬೇರೆ ಓಟದಲ್ಲಿ ನಾಲ್ಕನೆಯವನು. ಸ್ನಾನದ ಮನೆಯಲ್ಲಿ ಬಿಸಿನೀರಿನ ತೊಟ್ಟಿಯೊಳಗೆ ಕುತ್ತಿಗೆಯವರೆಗೆ ಕೂತು ಅವನು ಅಂಗಾಲು ಉಜ್ಜಿಕೊಂಡ.

"ಬಲಗಾಲು ಕೆಳಗೆ ಹೋದಾಗ ಜಾಸ್ತಿ ಕಣೋ. ಜೋರಾಗಿ ತುಳಿದಷ್ಟೂ ಗರಗರ. ಯಾರೋ ಒಳಗಿಂದ ಹಿಡ್ಕೊಂಡ ಹಾಗೆ."

"ಗಾಲಿ ಮಧ್ಯ ಕೂತಿದ್ಯಾ?"

"ಎರಡು ಸಲ ಬಿಚ್ಚಿ ಕೂರಿಸ್ದೆ. ನಾಳೆ ಪೆಡಲಿನ ಅಚ್ಚು ಬಿಚ್ಚಿ ನೋಡ್ತೀನಿ."

ಪೆಡಲಿನ ಅಚ್ಚಿನಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ನೋಡು, ಅದೂ ಇರಬಹುದು ಎಂದೆ. ಅದು ಸುಳ್ಳಲ್ಲ ಎಂದು ಆಗ ಅನ್ನಿಸಿತ್ತು.

ಎರಡನೆಯ ದಿನ ಬೆಳಗ್ಗೆ ಅವನು ಅಚ್ಚು ಬಿಚ್ಚಿ, ಗುಂಡುಗಳನ್ನು ಒಂದೊಂದಾಗಿ ಬಟ್ಟೆಯ ಮೇಲಿಟ್ಟು ಬೆರಳಿನಿಂದ ತಡವಿ ನೋಡಿದ. ಹೊಸ ಗ್ರೀಸು ಹಾಕಿ ಮತ್ತೆ ಬಿಗಿದ. ದೊಡ್ಡ ಚಕ್ರದ ಐದು ಬೋಲ್ಟುಗಳನ್ನು ಸಡಿಲಿಸಿ, ಚಕ್ರವನ್ನು ಒಂದೊಂದು ತೂತಿನಷ್ಟು ಸರಿಸಿ ನೋಡಿದ. ಅವನ ಕೆಲಸ ನೋಡಲು ಚೆನ್ನಾಗಿರುತ್ತದೆ. ಆತುರವಿಲ್ಲ, ಬೈಗುಳವಿಲ್ಲ, ಒಂದು ಸಲಕ್ಕೆ ಒಂದೇ ಬದಲಾವಣೆ. ಆದರೆ ಅವನು ಹುಡುಕುತ್ತಿದ್ದುದೆಲ್ಲ ಹಾಳಾದದ್ದನ್ನು. ರಿಪೇರಿಯಾದದ್ದನ್ನು ಹುಡುಕಬೇಕೆಂದು ಅವನಿಗೆ ಹೇಗೆ ಹೊಳೆಯಬೇಕು? ಆ ದಿನ ಅವನು ಆರನೆಯವನು, ನಾನು ಐದನೆಯವನು.

ಸಂಜೆ ಊಟದ ಕೋಣೆಯ ಗೋಡೆಗೆ ಕೊನೆಯ ದಿನದ ಪಟ್ಟಿ ಹಚ್ಚಿದರು. ಮಧ್ಯಾಹ್ನದ ಓಟ, ಏಳು ಸವಾರರು. ಮೂರನೆಯ ನಂಬರು, ಕೆಂಪು ಅಂಗಿ, ಹಟಾನಾಕಾ. ಆರನೆಯ ನಂಬರು, ಹಸಿರು ಅಂಗಿ, ನಾನು. ಅಂಕಗಳನ್ನು ಇಬ್ಬರೂ ಮನಸ್ಸಿನಲ್ಲೇ ಕೂಡಿದೆವು. ನನಗಿಂತ ಎರಡು ಸ್ಥಾನ ಮುಂದೆ ಬಂದರೆ ಅವನು ಉಳಿಯುತ್ತಾನೆ. ಅದಕ್ಕಿಂತ ಕಡಿಮೆಯಾದರೆ ನಾನು ಉಳಿಯುತ್ತೇನೆ.

"ನಾನು ಮುಂದೆ," ಎಂದ ಹಟಾನಾಕಾ, ಸುಟ್ಟ ಬಂಗುಡೆಯ ಮುಳ್ಳು ಬಿಡಿಸುತ್ತಾ.

"ನಾನು ಹಿಂದೆ," ಎಂದೆ.

"ಕೊನೇ ಸುತ್ತಿನ ಗಂಟೆ ಹೊಡೆದ ತಕ್ಷಣ ಹೊರಡ್ತೀನಿ. ಅಂಟಿಕೊಂಡಿರು. ಕೊನೇಲಿ ಕಾಲಿದ್ರೆ ದಾಟ್ಕೋ, ನಂಗೇನೂ ಬೇಜಾರಿಲ್ಲ."

"ನಿನ್ನನ್ನ ದಾಟೋಕೆ ಕಾಲು ಬೇರೆ ಬೇಕಾ?"

"ಬೊಗಳು, ಬೊಗಳು," ಎಂದು ತನ್ನ ಉಪ್ಪಿನಕಾಯಿಯ ಬಟ್ಟಲನ್ನು ನನ್ನ ಕಡೆ ಸರಿಸಿದ. ಮೂಲಂಗಿಯ ಹಳದಿ ಉಪ್ಪಿನಕಾಯಿ ಅವನಿಗೆ ಸೇರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಅವನ ಪಾಲೂ ನನಗೇ.

ಮೂರನೆಯ ದಿನ ಬೆಳಗ್ಗೆ ಏಳೂವರೆಗೆ, ತಪಾಸಣೆಯ ಷೆಡ್ಡಿನಲ್ಲಿ, ಅವನು ಕೊನೆಗೂ ಕೇಳಿದ. ಸೈಕಲ್ಲು ಸ್ಟ್ಯಾಂಡಿನ ಮೇಲಿತ್ತು. ಅವನು ಅದರ ಹಿಂದೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಚೈನಿನ ನೇರಕ್ಕೆ ನೋಡುತ್ತಿದ್ದ. ತಲೆ ಹಿಂದಕ್ಕೆ ಎಳೆದ, ಮುಂದಕ್ಕೆ ತಂದ, ಮತ್ತೆ ಹಿಂದಕ್ಕೆ.

"ಲೋ, ಸ್ವಲ್ಪ ಬಾ. ಈ ವರ್ಷ ಹತ್ತಿರದ್ದು ಏನೂ ಕಾಣಲ್ಲ ನಂಗೆ. ಹೆಂಡತಿ ಕನ್ನಡಕ ಮಾಡಿಸ್ಕೋ ಅಂತಿದ್ಲು, ಮಾಡಿಸ್ಕೊಳ್ಳಲಿಲ್ಲ. ಚೈನು ನೇರ ಇದ್ಯಾ ನೋಡ್ಹೇಳು."

ನಾನು ಮಂಡಿಯೂರಿದೆ. ಎಡಗಣ್ಣು ಮುಚ್ಚಿದೆ. ಚೈನು ಮುಂದಿನ ಚಕ್ರದಿಂದ ಹಿಂದಿನ ಹಲ್ಲುಚಕ್ರಕ್ಕೆ ಬರುವಾಗ ಹೊರಕ್ಕೆ, ಬಲಕ್ಕೆ, ವಾಲಿತ್ತು. ಬಹಳವಲ್ಲ, ಒಂದೂವರೆ ಮಿಲಿಮೀಟರ್. ಹಿಂದಿನ ಹಲ್ಲುಗಳ ಹೊರಮೈ ಎರಡೇ ದಿನಕ್ಕೆ ಉಜ್ಜಿ ಹೊಳೆಯುತ್ತಿತ್ತು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವನಿಗೆ ಇದು ಕಾಣದೆ ಇರುವ ಪ್ರಶ್ನೆಯೇ ಇಲ್ಲ. ನನ್ನ ಕಣ್ಣು ಹದ್ದಿನ ಕಣ್ಣು ಎಂದು ನಾನೇ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ.

"ನೇರ ಇದೆ," ಎಂದೆ.

"ಸರಿಯಾಗಿ ನೋಡಿದ್ಯಾ?"

"ನೋಡ್ದೆ ಕಣೋ. ದಾರ ಹಿಡಿದ ಹಾಗಿದೆ."

"ಹಂಗಾದ್ರೆ ಸರಿ," ಎಂದು ಅವನು ಎದ್ದು ಮಂಡಿಯ ಧೂಳು ಕೊಡವಿಕೊಂಡ.

ಕೇಳಿದರೆ ಹೇಳುತ್ತೇನೆ ಎಂದುಕೊಂಡವನು ನಾನು. ಅವನು ಕೇಳಿದ, ನಾನು ಹೀಗೆ ಹೇಳಿದೆ. ಆ ಹೊತ್ತಿನಲ್ಲಿ ನನಗೆ ನಾಚಿಕೆಯೇನೂ ಆಗಲಿಲ್ಲ, ಒಂದು ಕೆಲಸ ಮುಗಿದಂತೆ ಅನ್ನಿಸಿತು. ಕೋಣೆಗೆ ಬಂದು ಚಾಪೆಯ ಮೇಲೆ ಕಾಲು ಚಾಚಿದಾಗ ಮಾತ್ರ, ಓಡುವುದು ಅವನ ಗಾಲಿಯ ಹಿಂದೆ ನಾನೇ ಎಂಬುದು ತಲೆಗೆ ಬಂತು.

ಪಟ್ಟಿಯನ್ನು ಹಿಂದಿನ ಸಂಜೆಯೇ ನೋಡಿದ್ದೆ, ಮಾತೂ ಆಡಿದ್ದೆ. ಆದರೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಲೆಕ್ಕಾಚಾರದವನು ಎಂದು ಹೆಸರು ಬೇರೆ. ಓರೆಯಾದ ಚೈನು ನೂರಕ್ಕೆ ತೊಂಬತ್ತೊಂಬತ್ತು ಸಲ ಗೊಣಗುತ್ತಾ ಓಡುತ್ತದೆ, ಅಷ್ಟೇ. ಆದರೆ ಗಂಟೆ ಹೊಡೆದ ಮೇಲೆ ಗಂಟೆಗೆ ಅರವತ್ತೈದು ಕಿಲೋಮೀಟರ್ ವೇಗದಲ್ಲಿ, ಮೊಂಡನೊಬ್ಬ ಮೈಯೆಲ್ಲ ಹಾಕಿ ತುಳಿಯುವಾಗ ಅದು ಹಲ್ಲಿನಿಂದ ಹಾರಿದರೆ, ಗಾಲಿಗೆ ಸುತ್ತಿಕೊಂಡು ಗಾಲಿ ಕಚ್ಚಿ ನಿಲ್ಲುತ್ತದೆ. ಅವನು ಬೀಳುತ್ತಾನೆ. ಅವನಿಂದ ಒಂದು ಗೇಣು ಹಿಂದೆ, ಬ್ರೇಕಿಲ್ಲದ ಸೈಕಲ್ಲಿನ ಮೇಲೆ ನಾನಿರುತ್ತೇನೆ.

ನನಗೆ ಭಯವಾಯಿತು. ಅವನಿಗಾಗಿ ಅಲ್ಲ, ಅದನ್ನು ಮುಚ್ಚಿಡುವುದೇಕೆ. ನನ್ನ ಹಲ್ಲು, ನನ್ನ ಹೆಗಲು, ನನ್ನ ಬೆನ್ನುಮೂಳೆ ಒಂದೊಂದಾಗಿ ನೆನಪಿಗೆ ಬಂದವು. ಒಂಬತ್ತೂವರೆಯವರೆಗೆ ಹಾಗೇ ಮಲಗಿದ್ದು, ಹೇಳಿಬಿಡೋಣ ಎಂದು ಎದ್ದೆ. ಕುಗಿಮಿಯಾ ಅವರು ಹೀಗೆ ಹೇಳಿದ್ದರು, ಈಗಷ್ಟೇ ನೆನಪಾಯಿತು ಎಂದರೆ ಆಯಿತು. ಬೈಯುತ್ತಾನೆ, ಅಷ್ಟೇ. ಷೆಡ್ಡಿಗೆ ಹೋದೆ. ಅವನ ಜಾಗ ಖಾಲಿಯಿತ್ತು. ಪಕ್ಕದ ಸವಾರನೊಬ್ಬ, "ಹಟಾನಾಕಾ ಅವ್ರಾ? ಅಡುಗೆಮನೆ ಕಡೆ ಹೋದ್ರು," ಎಂದ. ಓಟದ ದಿನ ಅಡುಗೆಮನೆಯಲ್ಲಿ ಇವನಿಗೇನು ಕೆಲಸ ಎಂದುಕೊಂಡೆ. ಕಾಯಬಹುದಿತ್ತು. ಅವನು ಸಿಗಲಿಲ್ಲವಲ್ಲ ಎಂದು ಸಮಾಧಾನವಾಯಿತು, ಅದೇ ಸಮಾಧಾನದಲ್ಲಿ ಹಿಂದಿರುಗಿ, ಮೈ ಬಿಸಿ ಮಾಡಿಕೊಳ್ಳಲು, ನಿಂತಲ್ಲೇ ಸೈಕಲ್ಲು ತುಳಿಯುವ ರೋಲರಿನ ಮೇಲೆ ಹತ್ತಿದೆ.

ಮತ್ತೆ ಅವನನ್ನು ನೋಡಿದ್ದು ಓಟಕ್ಕೆ ಸಾಲುಗಟ್ಟಿದಾಗಲೇ. ಅಲ್ಲಿ ಮಾತಾಡುವಂತಿಲ್ಲ. ಕೆಂಪು ಅಂಗಿಯೊಳಗೆ ಅವನ ಬೆನ್ನು ಅಗಲವಾಗಿ, ಶಾಂತವಾಗಿತ್ತು. ಟ್ರ್ಯಾಕಿಗೆ ಇಳಿಯುವ ಮೊದಲು ಅವನು ಎಂದಿನಂತೆ ತಲೆಬಾಗಿ ನಮಸ್ಕರಿಸಿದ, ನಾನೂ ನಮಸ್ಕರಿಸಿದೆ.

ಮೊದಲ ಸುತ್ತುಗಳು, ಸ್ಪರ್ಧೆಗೆ ಸೇರದೆ ಎಲ್ಲರ ಮುಂದೆ ಸಾಗುವ ವೇಗ ಕಾಯುವವನ ಹಿಂದೆ ನಿಧಾನವಾಗಿ ಸಾಗಿದವು. ನಾವು ಸಾಲಿನ ಮಧ್ಯದಲ್ಲಿದ್ದೆವು. ಹಿಂದೆ ದಕ್ಷಿಣದ ಕ್ಯೂಶೂ ದ್ವೀಪದ ಕಡೆಯ ಇಬ್ಬರು, ಮುಂದೆ ಬೇರೆ ಮೂವರು. ನಾನು ಕಿವಿಗೊಟ್ಟು ಕೇಳಿದೆ. ಸಮುದ್ರದ ಗಾಳಿ, ಕಟಕಟೆಯಾಚೆ ಬಾಜಿ ಕಟ್ಟಿದ ಮುದುಕರ ಕೂಗು, ಏಳು ಸೈಕಲ್ಲುಗಳ ಟೈರಿನ ಸದ್ದು. ಅವನ ಚೈನು ಕೇಳಿಸಲಿಲ್ಲ. ಗಾಳಿಯಲ್ಲಿ ಕೇಳುತ್ತಿಲ್ಲ ಅಷ್ಟೇ ಎಂದುಕೊಂಡೆ.

ವೇಗ ಕಾಯುವವನು ಪಕ್ಕಕ್ಕೆ ಸರಿದ. ಗಂಟೆ ಹೊಡೆಯಿತು. ಹೇಳಿದ ಹಾಗೆಯೇ ಹಟಾನಾಕಾ ಹೊರಟ. ಪೆಡಲಿನ ಮೇಲೆ ಎದ್ದು ನಿಂತು, ಸೈಕಲ್ಲನ್ನು ಎಡಕ್ಕೆ ಬಲಕ್ಕೆ ಎಸೆಯುತ್ತಾ, ಮೂವರನ್ನು ಹೊರಗಿನಿಂದ ದಾಟಿದ. ನಾನೂ ಎದ್ದೆ. ನನ್ನ ಕಾಲು ಅವತ್ತು ಚೆನ್ನಾಗಿತ್ತು, ಇದನ್ನು ಹೇಳಲೇಬೇಕು. ಆದರೆ ಕಣ್ಣು ಅವನ ಬೆನ್ನಿನ ಮೇಲೆ ಇರಬೇಕಾದದ್ದು ಅವನ ಚೈನಿನ ಮೇಲಿತ್ತು. ಅದು ಈಗ ಹಾರುತ್ತದೆ, ಈಗ ಹಾರುತ್ತದೆ. ನನಗೆ ತಿಳಿಯದೆಯೇ ಪೆಡಲನ್ನು ಹಿಂದಕ್ಕೆ ಒತ್ತಿದೆ. ಒಂದು ಗೇಣಿದ್ದದ್ದು ಅರ್ಧ ಸೈಕಲ್ಲಾಯಿತು, ಆಮೇಲೆ ಒಂದು ಸೈಕಲ್ಲು. ಅಷ್ಟೂ ಸಾಲದೆಂದು ಅವನ ಗಾಲಿಯ ನೇರ ಬಿಟ್ಟು ಟ್ರ್ಯಾಕಿನ ಹೊರಬದಿಯ ಎತ್ತರದ ಇಳಿಜಾರಿಗೆ ಸರಿದೆ. ಮುಂದೆ ಯಾರಾದರೂ ಬೀಳುತ್ತಾರೆ ಎಂದು ಗೊತ್ತಿದ್ದವನು ಮಾತ್ರ ನಿಲ್ಲುವ ಜಾಗ ಅದು.

ಹಟಾನಾಕಾ ಕಂಕುಳ ಕೆಳಗಿನಿಂದ ಹಿಂದಕ್ಕೆ ನೋಡಿದ. ಮುಂದಿನವನು ಯಾವಾಗಲೂ ಹಾಗೆ ಒಮ್ಮೆ ನೋಡುತ್ತಾನೆ, ಹಿಂದಿನವನು ಇದ್ದಾನೆಯೇ ಎಂದು. ನಾನು ಅಲ್ಲಿರಲಿಲ್ಲ. ಅವನ ಮುಖ ಒಂದು ಕ್ಷಣ ತಲೆಕೆಳಗಾಗಿ ಕಂಡಿತು. ಅದರಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಕೂಡಿಸುತ್ತಿರುವವನ ಮುಖ.

ನಾನು ಬಿಟ್ಟ ಜಾಗಕ್ಕೆ ಕ್ಯೂಶೂ ಕಡೆಯ ಇಬ್ಬರೂ ನುಗ್ಗಿದರು. ಬೆನ್ನು ಕಾಯುವವರಿಲ್ಲದೆ, ಅವರನ್ನೇ ಹಿಂದೆ ಹೊತ್ತುಕೊಂಡು ಹಟಾನಾಕಾ ಕೊನೆಯ ಸುತ್ತು ಪೂರ್ತಿ ಗಾಳಿಗೆ ಎದೆಯೊಡ್ಡಿ ತುಳಿದ. ಕೊನೆಯ ಐವತ್ತು ಮೀಟರಿನಲ್ಲಿ ಇಬ್ಬರೂ ಅವನನ್ನು ದಾಟಿದರು. ಅವನು ಮೂರನೆಯವನು. ಇಳಿಜಾರಿನ ಮೇಲೆ ಒಬ್ಬನೇ ಗಾಳಿಗೆ ಸಿಕ್ಕ ನಾನು ಮೊದಲು ಐದು, ಆಮೇಲೆ ಆರು, ಗೆರೆ ದಾಟುವಾಗ ಏಳನೆಯವನು. ಏಳರಲ್ಲಿ ಏಳು. ಯಾರೂ ಬೀಳಲಿಲ್ಲ.

ಸೈಕಲ್ಲು ಬಿಚ್ಚಿ ಚೀಲಕ್ಕೆ ಹಾಕುವಾಗ ಅವನು ನನ್ನ ಪಕ್ಕದಲ್ಲೇ ಇದ್ದ. ಗಾಲಿಯನ್ನು ಬಟ್ಟೆಯಲ್ಲಿ ಸುತ್ತಿದ, ಪೆಡಲುಗಳನ್ನು ಕಾಲುಚೀಲದೊಳಗೆ ಹಾಕಿದ. ನಾನು ಏನಾದರೂ ಹೇಳಬೇಕಿತ್ತು.

"ಕಾಲು ಹಿಡ್ಕೊಳ್ತು ಕಣೋ," ಎಂದೆ.

ಅವನು ಜೇಬಿನಿಂದ ಒಂದು ವಸ್ತು ತೆಗೆದು ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ ಇಟ್ಟ. ಅರದ ಗೀರುಗಳಿದ್ದ ತೆಳು ವಾಷರು.

"ನೀನು ನೇರ ಇದೆ ಅಂದ ಮೇಲೂ ಸದ್ದು ಹೋಗಿರಲಿಲ್ಲ," ಎಂದ. "ನಿನ್ನ ಕಣ್ಣೂ ನನ್ನ ಕಣ್ಣಿನ ಹಾಗೇ ಆಗಿದೆ ಅಂದ್ಕೊಂಡೆ. ವಯಸ್ಸು ಇಬ್ಬರಿಗೂ ಆಗಿದ್ಯಲ್ಲ, ಪಾಪ, ಹೇಳ್ಕೊಳ್ಳೋಕೆ ನಾಚಿಕೆ ಇವನಿಗೆ ಅಂತ. ಕಣ್ಣು ನಂಬೋದು ಬೇಡ ಅಂತ ಅಡುಗೆಯವರ ಹತ್ರ ಊಟದ ಡಬ್ಬಿ ಕಟ್ಟೋ ದಾರ ಇಸ್ಕೊಂಡು ಬಂದೆ. ಗಾಲಿ ತೆಗೆದು, ಹಿಂದಿನ ಕವಲಿನ ಒಂದು ತುದಿಗೆ ಕಟ್ಟಿ, ಮುಂದಿನ ಕೊಳವೆಗೆ ಸುತ್ತಿ, ಇನ್ನೊಂದು ತುದಿಗೆ ತಂದೆ. ಸೀಟಿನ ಕೊಳವೆಯಿಂದ ದಾರ ಎಷ್ಟು ದೂರ ಅಂತ ಊಟದ ಕಡ್ಡಿಗೆ ಉಗುರಲ್ಲಿ ಗುರುತು ಹಾಕಿ ಬೆರಳಲ್ಲೇ ಅಳೆದೆ. ಎರಡು ಕಡೆನೂ ಒಂದೇ. ನಾಲ್ಕು ವರ್ಷದಿಂದ ಒಂದೇ ಇರಲಿಲ್ಲ."

"ಯಜಮಾನ್ರು ನೆಟ್ಟಗೆ ಮಾಡಿದಾರೆ," ಎಂದೆ.

"ಹೂಂ. ವಾಷರ್ ತೆಗೆದೆ, ಸದ್ದು ಹೋಯ್ತು. ತಪಾಸಣೆಯವರಿಗೆ ಇನ್ನೊಂದು ಸಲ ತೋರಿಸ್ದೆ. ನಿಂಗೆ ಹೇಳೋಣ ಅಂತ ಬಂದೆ, ನೀನು ರೋಲರ್ ಮೇಲೆ ಕಣ್ಮುಚ್ಕೊಂಡು ತುಳೀತಿದ್ದೆ. ಓಟದ ಮುಂಚೆ ಇವನ ಮನಸ್ಸು ಕೆಡಿಸೋದು ಬೇಡ, ರೈಲಲ್ಲಿ ಕೂತ್ಕೊಂಡು ಕನ್ನಡಕದ ವಿಷಯ ರೇಗಿಸೋಣ ಅಂತ ಸುಮ್ಮನಾದೆ."

ಅವನು ಚೀಲದ ಜಿಪ್ಪು ಎಳೆದ. ಅದು ಮಧ್ಯದಲ್ಲಿ ಸಿಕ್ಕಿಕೊಂಡಿತು. ಸಿಟ್ಟಾಗದೆ ಹಿಂದಕ್ಕೆ ತಂದು ಮತ್ತೆ ಎಳೆದ.

"ಗಂಟೆ ಹೊಡೆಯೋವರೆಗೂ ಹಾಗೇ ಅಂದ್ಕೊಂಡಿದ್ದೆ, ಇನುಯಿ. ನೀನು ಕಣ್ಣು ಮಂಜಾದವನಾಗಿದ್ರೆ ನನ್ನ ಗಾಲಿಗೆ ಅಂಟಿಕೊಂಡಿರ್ತಿದ್ದೆ. ಹೆದರೋಕೆ ನಿಂಗೆ ಏನೂ ಇರ್ತಿರ್ಲಿಲ್ಲ."

ಅಂಟಿಕೊಂಡಿದ್ದರೆ ನಾನೂ ಅವನ ಹಿಂದೆಯೇ ಗೆರೆ ದಾಟುತ್ತಿದ್ದೆ, ಉಳಿಯುತ್ತಿದ್ದೆ. ಇದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಅಂಕ ಕೂಡುವುದು ನನಗೆ ಬರುತ್ತದೆ.

ಗೇಟಿನ ಬಳಿ ಫೋನುಗಳನ್ನು ಕೊಟ್ಟರು. ಅವನು ತನ್ನದನ್ನು ತೆರೆದು ಹೆಂಡತಿಯೊಡನೆ ಎರಡು ಮಾತಾಡಿದ. ಆಮೇಲೆ ಕುಗಿಮಿಯಾ ಅವರ ನಂಬರು ಹುಡುಕಿ ತೆಗೆದ. ಪರದೆಯನ್ನು ಕಣ್ಣಿನಿಂದ ಮೊಳದಷ್ಟು ದೂರ ಹಿಡಿದು ನೋಡುತ್ತಾ ನಿಂತ.

"ಬೆಳಗ್ಗೆಯಿಂದ ಈ ಮುದುಕನಿಗೆ ಬೈಬೇಕು ಅಂತ ಕಾಯ್ತಿದ್ದೆ," ಎಂದ. "ನೆಟ್ಟಗೆ ಮಾಡಿದವನು ಒಂದು ಮಾತು ಹೇಳಿ ಕಳಿಸಬಾರದಿತ್ತಾ ಅಂತ."

ಫೋನನ್ನು ಮಡಿಸಿ ಜೇಬಿಗೆ ಹಾಕಿದ.

"ಬೇಡ ಬಿಡು. ಕೇಳಿದ್ರೆ, ಹೇಳಿ ಕಳಿಸಿದ್ದೆ ಅಂತಾನೆ. ಯಾರ ಹತ್ರ ಅಂತಾನೂ ಹೇಳ್ತಾನೆ. ಅದನ್ನ ಅವನ ಬಾಯಿಂದ ಕೇಳಿಸ್ಕೊಳ್ಳೋದು ನಂಗೆ ಬೇಡ."

ಚೀಲವನ್ನು ಹೆಗಲಿಗೇರಿಸಿಕೊಂಡು, ಎಂದೋ ಮುರಿದಿದ್ದ ಬಲಹೆಗಲನ್ನು ಸ್ವಲ್ಪ ಕೆಳಗಿಳಿಸಿ, ಅವನು ನಿಲ್ದಾಣದ ಕಡೆ ನಡೆದ. ಮೂರೂ ನಲವತ್ತರ ರೈಲು ಬಂದಾಗ ಅವನು ಹತ್ತಿದ್ದು ನನಗೆ ಪ್ಲಾಟ್‌ಫಾರ್ಮಿನ ಈಚೆ ತುದಿಯಿಂದ ಕಾಣಿಸಿತು. ಅಂಗಡಿಯಲ್ಲಿ ಅಭ್ಯಾಸಬಲದಿಂದ ಕೊಂಡಿದ್ದ ಎರಡು ಕ್ಯಾನ್ ಬಿಯರು ನನ್ನ ಕೈಯಲ್ಲಿದ್ದವು. ನಾನು ಮುಂದಿನ ರೈಲಿಗೆ ಕಾದೆ.